ಬೀಜಧನ: ವಿಶ್ವವಿದ್ಯಾಲಯಗಳ ಒಳ ಅನುದಾನ, ಕೊಲ್ಹಾಪುರ ಸೀಮೆಯ ನೆಲೆಯಲ್ಲಿ

ಬೀಜಧನ: ವಿಶ್ವವಿದ್ಯಾಲಯವೋ ಕಾಲೇಜೋ ತನ್ನದೇ ನಿಧಿಯಿಂದ ತನ್ನ ಅಧ್ಯಾಪಕರಿಗೆ, ಕೆಲವೆಡೆ ಬೋಧಕೇತರ ಸಿಬ್ಬಂದಿಗೂ, ಹೊಸ ಯೋಚನೆಯೊಂದನ್ನು ಪರೀಕ್ಷಿಸಿ ನೋಡಲು ಕೊಡುವ ಸಣ್ಣ ಮೊತ್ತದ, ಅಲ್ಪಾವಧಿಯ ಅನುದಾನ. ಕ್ಯಾಂಪಸ್ಸಿನ ಮಾತಿನಲ್ಲಿ ‘ಸೀಡ್ ಮನಿ’. ವೈದ್ಯಕೀಯ ಸಂಸ್ಥೆಗಳಲ್ಲಿ ‘ಇಂಟ್ರಾಮ್ಯೂರಲ್ ಪ್ರಾಜೆಕ್ಟ್’ ಎಂದೂ ಕರೆಯುತ್ತಾರೆ. ಭಾರತದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದರ ಮೊತ್ತ ಸಾಮಾನ್ಯವಾಗಿ ಹತ್ತಾರು ಸಾವಿರದಿಂದ ಕೆಲವು ಲಕ್ಷ ರೂಪಾಯಿ. ಐಐಟಿಗಳಂಥ ಸಂಸ್ಥೆಗಳಲ್ಲಿ ಹೊಸದಾಗಿ ಸೇರಿದವರಿಗೆ ಹತ್ತಾರು ಲಕ್ಷ. ಅವಧಿ ಒಂದು ವರ್ಷ, ಹೆಚ್ಚೆಂದರೆ ಎರಡು.

ದೆಹಲಿಯ ದೊಡ್ಡ ನಿಧಿಸಂಸ್ಥೆಗಳು ಹಣ ಕೊಡುವ ಮೊದಲು ‘ಪ್ರಾಥಮಿಕ ಫಲಿತಾಂಶ ಎಲ್ಲಿ’ ಎಂದು ಕೇಳುತ್ತವೆ. ಆ ಪ್ರಾಥಮಿಕ ಫಲಿತಾಂಶ ಬರಬೇಕಾದರೂ ಹಣ ಬೇಕು. ಈ ತಿಕ್ಕಾಟದ ನಡುವೆ ಸಿಕ್ಕವರಿಗೆ, ಅಂದರೆ ಈಗಷ್ಟೇ ಪಿಎಚ್.ಡಿ. ಮುಗಿಸಿದವರಿಗೆ, ವಿಷಯ ಬದಲಿಸಿದವರಿಗೆ, ಎರಡು ವಿಭಾಗಗಳ ನಡುವಿನ ಪ್ರಶ್ನೆ ಹಿಡಿದವರಿಗೆ ಬೀಜಧನ ಆಸರೆಯಾಗುತ್ತದೆ. ಕೆಲಸ ಫಲಿಸದಿದ್ದರೂ ಸಂಸ್ಥೆಗೆ ದೊಡ್ಡ ನಷ್ಟವಿಲ್ಲ ಎಂಬುದೇ ಇದರ ಬಲ. ಈ ಬಲವನ್ನು ನಮ್ಮ ವಿಶ್ವವಿದ್ಯಾಲಯಗಳು ಎಷ್ಟರಮಟ್ಟಿಗೆ ಬಳಸಿಕೊಂಡಿವೆ ಎಂಬುದು ಬೇರೆ ಮಾತು. ಸೋಲಲು ಅವಕಾಶ ಕೊಡುವ ಹಣವನ್ನೂ ಸೋಲಬಾರದ ಲೆಕ್ಕಪತ್ರಕ್ಕೆ ಕಟ್ಟಿಹಾಕಿದ್ದೇ ಹೆಚ್ಚು.

ಹಣದ ಮೂಲ

ಬೀಜಧನಕ್ಕೆ ಪ್ರತ್ಯೇಕ ಖಜಾನೆ ಇರುವುದು ಅಪರೂಪ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಅದು ಬರುವುದು ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನಾ ಶುಲ್ಕ, ಪಿಎಚ್.ಡಿ. ನೋಂದಣಿ ಶುಲ್ಕ, ದತ್ತಿನಿಧಿಗಳ ಬಡ್ಡಿ ಮತ್ತು ‘ಓವರ್‌ಹೆಡ್’ ಎಂಬ ಬಾಬಿನಿಂದ. ಹೊರಗಿನ ಸಂಸ್ಥೆಯೊಂದು ಅಧ್ಯಾಪಕರಿಗೆ ಯೋಜನೆ ಮಂಜೂರು ಮಾಡಿದಾಗ, ವಿದ್ಯುತ್ತು, ಕಟ್ಟಡ, ಕಚೇರಿ ಖರ್ಚಿಗೆಂದು ಆತಿಥೇಯ ಸಂಸ್ಥೆಗೆ ಒಂದು ಪಾಲು ಕೊಡುತ್ತದೆ, ಅದೇ ಓವರ್‌ಹೆಡ್. ಹೀಗಾಗಿ ಹೊರಗಿನ ಯೋಜನೆ ಹೆಚ್ಚು ತರುವ ಕಡೆ ಒಳಗಿನ ಹಣವೂ ಹೆಚ್ಚು. ಇಲ್ಲದವರ ಬಳಿ ಬೀಜಕ್ಕೂ ಕಾಳಿಲ್ಲ.

ಮಹಾಗಾಂವದ ನೆಲೆ

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ಮಹಾಗಾಂವ, ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿಸೀಮೆಯ ಊರು. ತಾಲೂಕಿನ ಹಿರಣ್ಯಕೇಶಿ ಹೊಳೆ ಇಲ್ಲಿಂದ ಸಂಕೇಶ್ವರದ ಕಡೆಗೆ ಹರಿದು ಕರ್ನಾಟಕದಲ್ಲಿ ಘಟಪ್ರಭೆಯನ್ನು ಕೂಡುತ್ತದೆ. ಮಹಾಗಾಂವದಲ್ಲಿ ಸಂತ ಗಜಾನನ ಮಹಾರಾಜರ ಹೆಸರಿನ ಎಂಜಿನಿಯರಿಂಗ್ ಮತ್ತು ಫಾರ್ಮಸಿ ಕಾಲೇಜುಗಳಿವೆ; ಗಡಹಿಂಗ್ಲಜದಲ್ಲಿ ಡಾ. ಘಾಳಿ ಕಾಲೇಜು, ಶಿವರಾಜ ಕಾಲೇಜು. ಇಚಲಕರಂಜಿಯಲ್ಲಿ 1982ರಲ್ಲಿ ಶುರುವಾದ ಡಿಕೆಟಿಇ ಜವಳಿ ಮತ್ತು ಎಂಜಿನಿಯರಿಂಗ್ ಸಂಸ್ಥೆ. ಸೀಮೆಯ ದೊಡ್ಡ ವಿಶ್ವವಿದ್ಯಾಲಯ, 1962ರ ನವೆಂಬರ್ 18ರಂದು ಕೊಲ್ಹಾಪುರದಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯ. ಇತಿಹಾಸಕಾರ ಅಪ್ಪಾಸಾಹೇಬ ಪವಾರ ಅದರ ಮೊದಲ ಕುಲಪತಿ. ಕೊಲ್ಹಾಪುರ, ಸಾಂಗ್ಲಿ, ಸಾತಾರಾ ಜಿಲ್ಲೆಗಳು ಈಗ ಅದರ ವ್ಯಾಪ್ತಿ. ಸೊಲ್ಲಾಪುರ 2004ರಲ್ಲಿ ಬೇರೆಯಾಯಿತು.

ಬೀಜಧನದ ಮಟ್ಟಿಗೆ ಈ ಭೂಗೋಳ ಮುಖ್ಯ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿರುವ ವಿಭಾಗದ ಪ್ರಾಧ್ಯಾಪಕರಿಗೂ, ಎಪ್ಪತ್ತೆಂಬತ್ತು ಕಿಲೋಮೀಟರ್ ಆಚೆಯ ಕಾಲೇಜಿನ ಅಧ್ಯಾಪಕರಿಗೂ ಹಣದ ದಾರಿ ಒಂದೇ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆಯ 12(ಬಿ) ಕಲಮಿನ ಪಟ್ಟಿಯಲ್ಲಿ ಹೆಸರಿದ್ದ ಕಾಲೇಜುಗಳಿಗೆ ಮಾತ್ರ ಕೇಂದ್ರದ ಅನುದಾನ ಸಿಗುತ್ತಿತ್ತು. ಸ್ವಂತ ಹಣಕಾಸಿನ ಮೇಲೆ ನಡೆಯುವ ಹೊಸ ಕಾಲೇಜುಗಳಿಗೆ ಆಡಳಿತ ಮಂಡಳಿ ಕೊಟ್ಟರುಂಟು, ಇಲ್ಲವಾದರೆ ಇಲ್ಲ.

ಹಿಂದಿನ ರೂಢಿ

ಈ ಹೆಸರು ಬರುವ ಮೊದಲೂ ಈ ರೂಢಿ ಇತ್ತು. ಮುಂಬಯಿ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿಯ ಕಾಲೇಜು ಅಧ್ಯಾಪಕರ ವಿದ್ವತ್ ಗ್ರಂಥಗಳ ಪ್ರಕಟಣೆಗೆ ಸಹಾಯಧನ, ದತ್ತಿಗಳಿಂದ ಸಂಶೋಧನ ವೇತನ ಕೊಡುತ್ತಿತ್ತು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ 1930ರಿಂದ ಮೂರು ದಶಕ ಅರ್ಧಮಾಗಧಿ ಕಲಿಸಿದ ಆ. ನೇ. ಉಪಾಧ್ಯೆ, ಆ ವಿಶ್ವವಿದ್ಯಾಲಯದ ಸ್ಪ್ರಿಂಗರ್ ಸಂಶೋಧನ ವೇತನ ಪಡೆದವರು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಈ ಕನ್ನಡಿಗ ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ ಹೊರತಂದರು, ಮುಂದೆ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಕಲಾ ನಿಕಾಯದ ಡೀನ್ ಆದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅದೇ ಕಾಲೇಜಿನಲ್ಲಿದ್ದ ಕೆ. ಜಿ. ಕುಂದಣಗಾರ, ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಶಾಸನ ಹುಡುಕಿ ಅಚ್ಚುಪಡೆಯಲು, ಹಸ್ತಪ್ರತಿ ನಕಲು ಮಾಡಿಸಲು ಬೇಕಾದದ್ದು ಗಾಡಿಖರ್ಚು, ಕಾಗದ, ಬರೆಯುವವನ ಕೂಲಿ. ಮಾನವಿಕ ವಿಷಯಗಳಲ್ಲಿ ಇಂದಿಗೂ ಬೀಜಧನದ ಬೇಡಿಕೆ ಬಹುಮಟ್ಟಿಗೆ ಇದೇ. ಅರ್ಜಿಯ ನಮೂನೆ ಮಾತ್ರ ಪ್ರಯೋಗಾಲಯದವರಿಗೆಂದು ಹೊಲಿದದ್ದು. ‘ಉಪಕರಣಗಳು’ ಎಂಬ ಅಂಕಣದಲ್ಲಿ ಜಾನಪದ ಅಧ್ಯಾಪಕರು ಟೇಪ್ ರೆಕಾರ್ಡರ್ ಬರೆಯುತ್ತ ಬಂದಿದ್ದಾರೆ.

ಜಗತ್ತಿನ ಎರಡು ಮಾದರಿಗಳು

ಒಳ ಅನುದಾನ ವ್ಯವಸ್ಥಿತ ರೂಪ ಪಡೆದ ಹಳೆಯ ಉದಾಹರಣೆಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು ಪ್ರಮುಖ. ಆಹಾರಕ್ಕೆ ಅತಿನೇರಳೆ ಕಿರಣ ಹಾಯಿಸಿ ‘ಡಿ’ ಜೀವಸತ್ವ ಹೆಚ್ಚಿಸುವ ವಿಧಾನ ಕಂಡುಹಿಡಿದ ಹ್ಯಾರಿ ಸ್ಟೀನ್‌ಬಾಕ್, ಪೇಟೆಂಟಿನ ಲಾಭ ವಿಶ್ವವಿದ್ಯಾಲಯದ ಸಂಶೋಧನೆಗೇ ಮರಳಲಿ ಎಂದು ಬಯಸಿದರು. ಅದಕ್ಕಾಗಿ 1925ರಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನವೊಂದು ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ವಾರ್ಫ್’. ಆ ಹಣ ಅಧ್ಯಾಪಕರಿಗೆ ಹಂಚಿಕೆಯಾಗುತ್ತ ಬಂತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧದ ಹೆಸರಿನಲ್ಲಿರುವುದು ಈ ಪ್ರತಿಷ್ಠಾನವೇ. ಆ ಔಷಧ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ, 1948ರಲ್ಲಿ. ಅರ್ಜಿಯ ‘ನಿರೀಕ್ಷಿತ ಫಲಿತಾಂಶ’ ಎಂಬ ಅಂಕಣವನ್ನು ಎಷ್ಟು ನಂಬಬೇಕೆಂಬುದಕ್ಕೆ ಇಷ್ಟು ಸಾಕು.

ಎರಡನೆಯ ಮಾದರಿಗೆ ಕನ್ನಡದ ನಂಟಿದೆ. ಹುಬ್ಬಳ್ಳಿ ಮೂಲದ ಉದ್ಯಮಿ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದಂಪತಿ ಕೊಟ್ಟ ದೇಣಿಗೆಯಿಂದ 2002ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ) ದೇಶಪಾಂಡೆ ಸೆಂಟರ್ ಆರಂಭವಾಯಿತು. ಯೋಚನೆ ಇನ್ನೂ ಕಾಗದದ ಮೇಲಿರುವಾಗ 50,000 ಡಾಲರ್‌ವರೆಗಿನ ‘ಇಗ್ನಿಶನ್’ ಅನುದಾನ. ಕೆಲಸ ರೂಪ ಪಡೆದ ಮೇಲೆ 2,50,000 ಡಾಲರ್‌ವರೆಗಿನ ‘ಇನ್ನೊವೇಶನ್’ ಅನುದಾನ. ಹಣದ ಜೊತೆಗೆ ಉದ್ಯಮದಲ್ಲಿ ನುರಿತ ಸ್ವಯಂಸೇವಕರೊಬ್ಬರು ತಂಡಕ್ಕೆ ಜೊತೆಯಾಗುತ್ತಾರೆ. ಅವರನ್ನು ‘ಕ್ಯಾಟಲಿಸ್ಟ್’ ಎನ್ನುತ್ತಾರೆ. ಭಾರತದ ವಿಶ್ವವಿದ್ಯಾಲಯಗಳು ಈ ಮಾದರಿಯಿಂದ ಹಣದ ಎರಡು ಮೆಟ್ಟಿಲನ್ನು ಅನುಕರಿಸಿದ್ದುಂಟು; ಜೊತೆಗಾರನನ್ನು ಒದಗಿಸಿದ್ದು ಕಡಿಮೆ. ಎರಡರಲ್ಲಿ ಹೆಚ್ಚು ಬೆಲೆಯದ್ದು ಎರಡನೆಯದೇ ಇರಬೇಕು.

ಭಾರತದ ನೀತಿ

ಬಹುಕಾಲ ಕಾಲೇಜು ಅಧ್ಯಾಪಕರ ಪಾಲಿಗೆ ಬೀಜಧನದ ಕೆಲಸ ಮಾಡಿದ್ದು ಯುಜಿಸಿಯ ‘ಮೈನರ್ ರಿಸರ್ಚ್ ಪ್ರಾಜೆಕ್ಟ್’. ಅದು ಹೊರಗಿನ ಹಣವಾದರೂ ಮೊತ್ತ ಸಣ್ಣದು, ನಿಯಮ ಸರಳ, ಹಳ್ಳಿಯ ಕಾಲೇಜಿಗೂ ನಿಲುಕುವಂಥದ್ದು. ಕಳೆದ ದಶಕದ ಉತ್ತರಾರ್ಧದಲ್ಲಿ ಅದು ಬತ್ತಿತು. ಯುಜಿಸಿ 2022ರಲ್ಲಿ ಹೊಸದಾಗಿ ನೇಮಕವಾದವರಿಗೆ ಡಿ. ಎಸ್. ಕೊಠಾರಿ ಹೆಸರಿನ 10 ಲಕ್ಷ ರೂಪಾಯಿಯ ಅನುದಾನ ಪ್ರಕಟಿಸಿತಾದರೂ ಅದು ಕೆಲವರಿಗೆ. ಉಳಿದ ಸಹಸ್ರಾರು ಮಂದಿಯ ಹೊಣೆ ಆಯಾ ಸಂಸ್ಥೆಯ ತಲೆಗೆ ಬಂತು.

ಇದೇ ಹೊತ್ತಿಗೆ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತನ್ನ ಮಾಪನವನ್ನು ಬದಲಿಸಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ, 1994ರಲ್ಲಿ ಸ್ಥಾಪನೆಯಾದ ಈ ಮಂಡಳಿಯ 2017ರ ಪರಿಷ್ಕೃತ ಕೈಪಿಡಿಯಲ್ಲಿ ವಿಶ್ವವಿದ್ಯಾಲಯಗಳಿಗೂ ಸ್ವಾಯತ್ತ ಕಾಲೇಜುಗಳಿಗೂ ‘3.1.2’ ಎಂಬ ಅಂಶ ಸೇರಿತು: ಅಧ್ಯಾಪಕರಿಗೆ ಸಂಸ್ಥೆ ಕೊಟ್ಟ ಬೀಜಧನ ವರ್ಷಕ್ಕೆ ಸರಾಸರಿ ಎಷ್ಟು ಲಕ್ಷ? ಬೀಜಧನ ಎಂಬ ಮಾತು ಕುಲಸಚಿವರ ಕಚೇರಿಯಿಂದ ಪ್ರಾಚಾರ್ಯರ ಕೊಠಡಿಯವರೆಗೆ ಹಬ್ಬಿದ್ದು ಈ ಒಂದು ಸಾಲಿನಿಂದ ಎಂದರೆ ಅತಿಶಯವಲ್ಲ. ಸಾಲು ಕೇಳುವುದು ಕೊಟ್ಟ ಹಣವನ್ನು. ಆ ಹಣದಿಂದ ಏನಾಯಿತೆಂಬುದನ್ನಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಸಾಧಾರಣ ಸಂಯೋಜಿತ ಕಾಲೇಜುಗಳ ಕೈಪಿಡಿಯಲ್ಲಿ ಈ ಅಂಶ ಇರಲಿಲ್ಲ. ಅಂಕವಿಲ್ಲದ ಕಡೆ ಹಣ ತೆಗೆದಿಡಲು ಆಡಳಿತ ಮಂಡಳಿಗೆ ಒತ್ತಾಯವೂ ಇಲ್ಲ. ಮೈನರ್ ಪ್ರಾಜೆಕ್ಟ್ ನಿಂತದ್ದರಿಂದ ಅತಿ ಹೆಚ್ಚು ಕಳೆದುಕೊಂಡವರೂ ಈ ಕಾಲೇಜುಗಳ ಅಧ್ಯಾಪಕರೇ.

2019ರ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟ್‌ಅಪ್ ನೀತಿ, ಸಂಸ್ಥೆಗಳು ವಾರ್ಷಿಕ ಬಜೆಟ್ಟಿನ ಕನಿಷ್ಠ ಶೇ. 1ರಷ್ಟನ್ನು ನಾವೀನ್ಯ ನಿಧಿಯಾಗಿ ತೆಗೆದಿಡಬೇಕೆಂದು ಸೂಚಿಸಿತು. ಮಹಾರಾಷ್ಟ್ರದಲ್ಲಿ 2016ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ ಸಂಶೋಧನ ಮಂಡಳಿಯನ್ನೂ, ನಾವೀನ್ಯ–ಇನ್‌ಕ್ಯುಬೇಶನ್ ನಿರ್ದೇಶಕರ ಹುದ್ದೆಯನ್ನೂ ತಂದಿತು. ರಾಜ್ಯಪಾಲರ ಕಚೇರಿಯ ಪ್ರೇರಣೆಯಿಂದ 2006ರಲ್ಲಿ ಶುರುವಾದ ‘ಆವಿಷ್ಕಾರ’ ಎಂಬ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ ಕಾಲೇಜುಗಳ ಕೆಲಸವನ್ನು ಮುಂಬಯಿ, ಪುಣೆಯವರ ಎದುರು ಇಡಲು ವೇದಿಕೆಯಾಗಿದೆ. ಶಿವಾಜಿ ವಿಶ್ವವಿದ್ಯಾಲಯವು ವಜ್ರಮಹೋತ್ಸವದ ಹೆಸರಿನಲ್ಲಿ ‘ಡೈಮಂಡ್ ಜ್ಯುಬಿಲಿ ರಿಸರ್ಚ್ ಇನಿಶಿಯೇಶನ್ ಸ್ಕೀಮ್’ ನಡೆಸಿತು; ಕೊಲ್ಹಾಪುರದ ಡಿ. ವೈ. ಪಾಟೀಲ ಡೀಮ್ಡ್ ವಿಶ್ವವಿದ್ಯಾಲಯ ಇಂಟ್ರಾಮ್ಯೂರಲ್ ಅನುದಾನ ಕೊಡುತ್ತದೆ. ಇವುಗಳ ಗುರುತು ಸಿಗುವುದು ಪ್ರಬಂಧದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ. ಮಂಜೂರಾತಿ ಪತ್ರದ ಜಾವಕ್ (ರವಾನೆ) ಸಂಖ್ಯೆಯನ್ನು ಅಲ್ಲಿ ಬರೆಯಲೇಬೇಕು.

ಕೊಲ್ಹಾಪುರದ ತೆಳುಪೊರೆಗಳು

ಸಣ್ಣ ಹಣ ಎಂಥ ವಿಜ್ಞಾನವನ್ನು ಬೆಳೆಸಬಲ್ಲದೆಂದು ನೋಡಲು ಶಿವಾಜಿ ವಿಶ್ವವಿದ್ಯಾಲಯದ ಭೌತಶಾಸ್ತ್ರಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ಸೌರಕೋಶ, ಅನಿಲ ಸಂವೇದಕ, ಸೂಪರ್‌ಕೆಪಾಸಿಟರ್‌ಗಳಿಗೆ ಬೇಕಾದ ತೆಳುಪೊರೆಗಳನ್ನು ಮಾಡಲು ಶ್ರೀಮಂತ ಪ್ರಯೋಗಾಲಯಗಳು ನಿರ್ವಾತ ಯಂತ್ರಗಳನ್ನು ಬಳಸುತ್ತವೆ. ಕೊಲ್ಹಾಪುರದವರು ರಾಸಾಯನಿಕ ದ್ರಾವಣದ ದಾರಿ ಹಿಡಿದರು. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಅಮೋನಿಯಾ ಸೇರಿಸಿ, ಥಯೋಯೂರಿಯಾ ಹಾಕಿ, ಬೀಕರಿನಲ್ಲಿ ಗಾಜಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಹದವಾಗಿ ಕಾಯಿಸುತ್ತಾರೆ. ತಿಳಿಯಾಗಿದ್ದ ದ್ರಾವಣ ಹಳದಿಗೆ ತಿರುಗುತ್ತದೆ. ಗಾಜಿನ ಮೇಲೆ ಕ್ಯಾಡ್ಮಿಯಂ ಸಲ್ಫೈಡಿನ ಹಳದಿ ಪೊರೆ ಕೂರುತ್ತದೆ. ತೊಳೆದು ಒಣಗಿಸಿದರೆ ಮಾದರಿ ಸಿದ್ಧ. ಬೇಕಾದ ಸಾಮಾನು ಬೀಕರು, ಬಿಸಿತಟ್ಟೆ, ಕಲಕುವ ಯಂತ್ರ, ಉಷ್ಣಮಾಪಕ, ಪಿಎಚ್ ಮೀಟರು. ಇನ್ನೂ ಸರಳವಾದ ‘ಸಿಲಾರ್’ ವಿಧಾನದಲ್ಲಿ ಗಾಜನ್ನು ಒಂದು ದ್ರಾವಣದಲ್ಲಿ ಅದ್ದಿ, ನೀರಲ್ಲಿ ತೊಳೆದು, ಇನ್ನೊಂದರಲ್ಲಿ ಅದ್ದಿ, ಮತ್ತೆ ತೊಳೆಯುವುದು. ಪೊರೆ ದಪ್ಪವಾಗುವವರೆಗೆ ಇದನ್ನೇ ಮಾಡುವುದು.

ಈ ಪಂಥದ ಪ್ರಮುಖರಲ್ಲೊಬ್ಬರಾದ ಸಿ. ಡಿ. ಲೋಖಂಡೆ, ಆರ್. ಎಸ್. ಮಾನೆ ಜೊತೆ 2000ದಲ್ಲಿ ಪ್ರಕಟಿಸಿದ ರಾಸಾಯನಿಕ ನಿಕ್ಷೇಪ ವಿಧಾನದ ಸಮೀಕ್ಷಾ ಪ್ರಬಂಧವನ್ನು ಜಗತ್ತಿನಾದ್ಯಂತ ಉಲ್ಲೇಖಿಸುತ್ತಾರೆ. ವಿಧಾನದ ಅಗ್ಗತನವೇ ಅದನ್ನು ಸುತ್ತಲ ಕಾಲೇಜುಗಳಿಗೆ ಒಯ್ದಿತು. ಪದವಿ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲೂ ಮಾದರಿ ತಯಾರಿಸಬಹುದು. ಎಕ್ಸ್‌-ಕಿರಣ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಗೆ ವಿಶ್ವವಿದ್ಯಾಲಯದ ಕಾಮನ್ ಫೆಸಿಲಿಟಿ ಸೆಂಟರಿಗೆ ಶುಲ್ಕ ಕಟ್ಟಿ ಕೊಟ್ಟು ಬರಬಹುದು. ಬೀಜಧನದಲ್ಲಿ ದೊಡ್ಡ ಪಾಲು ನುಂಗುವುದು ಈ ಪರೀಕ್ಷಾ ಶುಲ್ಕವೇ. ಸಮಿತಿಗಳು ಯಂತ್ರ ಕೊಳ್ಳುವ ಅರ್ಜಿಯನ್ನು ಮೆಚ್ಚುತ್ತವೆ, ಏಕೆಂದರೆ ಯಂತ್ರ ಕಣ್ಣಿಗೆ ಕಾಣುತ್ತದೆ. ಹತ್ತು ಮಾದರಿ ಪರೀಕ್ಷಿಸುವ ಶುಲ್ಕಕ್ಕೆ ಕೊಟ್ಟ ಹಣ ಅದಕ್ಕಿಂತ ಹೆಚ್ಚು ಕೆಲಸ ಮಾಡಿರುತ್ತದೆ. ಈ ಯಶಸ್ಸಿಗೆ ಒಂದು ಬೆಲೆಯೂ ಇದೆ: ಅಗ್ಗದ ವಿಧಾನವೊಂದು ಕೈಗೆ ಹತ್ತಿದ ಮೇಲೆ ಲೋಹ ಬದಲಿಸಿ, ಉಷ್ಣತೆ ಬದಲಿಸಿ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುವ ಸೋಮಾರಿತನಕ್ಕೂ ಸಣ್ಣ ಹಣ ಒತ್ತಾಸೆಯಾಗುತ್ತದೆ.

ಸೀಮೆಯ ಕಸುಬುಗಳು ಕೇಳುವ ಪ್ರಶ್ನೆಗಳು ಬೇರೆ. ಇಚಲಕರಂಜಿಯ ವಿದ್ಯುತ್ ಮಗ್ಗಗಳಲ್ಲಿ ಹಾಸಿನ ಎಳೆ ಹರಿಯುವುದು. ಆಲೆಮನೆಯಲ್ಲಿ ಬೆಲ್ಲ ಬೆಳ್ಳಗಾಗಲೆಂದು ಹಾಕುವ ರಾಸಾಯನಿಕಕ್ಕೆ ಬದಲಿ. ಕೊಲ್ಹಾಪುರದ ಎರಕದ ಕಾರ್ಖಾನೆಗಳು ಹೊರಗೆ ಸುರಿಯುವ ಬಳಸಿದ ಮರಳು. ಆಜರಾದ ಘನಸಾಳ ಅಕ್ಕಿಯ ಪರಿಮಳ ಉಳಿಸುವುದು. ಚಪ್ಪಲಿಯ ತೊಗಲು ಹದಮಾಡುವ ನೀರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಪಾಲುದಾರರು. ಇಂಥವು ಬೀಜಧನಕ್ಕೆ ಹೇಳಿ ಮಾಡಿಸಿದ ವಿಷಯಗಳು, ಏಕೆಂದರೆ ಮೊದಲ ಉತ್ತರ ಸಿಗಲು ಒಂದು ಸುಗ್ಗಿ, ಒಂದು ಕಾರ್ಖಾನೆಯ ಒಪ್ಪಿಗೆ, ಬಸ್ಸಿನ ಖರ್ಚು ಸಾಕು. ಆದರೆ ಇವುಗಳ ಫಲ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬೇಗ ಅಚ್ಚಾಗುವುದಿಲ್ಲ.

ಒಂದು ಅನುದಾನದ ವರ್ಷ

ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಬೀಜಧನದ ನಡೆ ಹೀಗೆ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಸುತ್ತೋಲೆ ಹೊರಡುತ್ತದೆ. ಅರ್ಜಿಗಳು ಬಂದ ಮೇಲೆ ಪರಿಶೀಲನೆ, ಸಮಿತಿಯ ಮುಂದೆ ಹತ್ತು ನಿಮಿಷದ ಮಂಡನೆ, ಸಂಶೋಧನ ಮಂಡಳಿಯ ಠರಾವು. ಮಂಜೂರಾತಿ ಪತ್ರ ಕೈಸೇರುವಾಗ ದಸರೆಯೋ ದೀಪಾವಳಿಯೋ ಬಂದಿರುತ್ತದೆ. ಮೊದಲ ಕಂತು ಬಂದ ಮೇಲೆ ಮೂರು ಕೊಟೇಶನ್, ತುಲನಾ ತಖ್ತೆ, ಖರೀದಿ ಸಮಿತಿ. ರಾಸಾಯನಿಕ ಬರುವುದು ಸಂಕ್ರಾಂತಿಯ ಆಸುಪಾಸು. ಮಾರ್ಚ್ 31ರೊಳಗೆ ಖರ್ಚಾಗದ ಹಣ ಮರಳಿಸಬೇಕು. ಯುಟಿಲೈಸೇಶನ್ ಸರ್ಟಿಫಿಕೇಟಿಗೆ ಲೆಕ್ಕಪರಿಶೋಧಕರ ಸಹಿ ಬೇಕು. ಕೊಂಡ ಪ್ರತಿ ವಸ್ತು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಏರಬೇಕು. ಹೆಸರಿಗೆ ಒಂದು ವರ್ಷದ ಯೋಜನೆ, ಕೆಲಸಕ್ಕೆ ಸಿಗುವುದು ಎರಡು ಮೂರು ತಿಂಗಳು, ಅದರಲ್ಲೂ ಪ್ರಾಯೋಗಿಕ ಪರೀಕ್ಷೆಗಳ ಡ್ಯೂಟಿ.

ಹತ್ತು ಲಕ್ಷಕ್ಕಿರುವ ಕಾಗದಪತ್ರವನ್ನೇ ಐವತ್ತು ಸಾವಿರಕ್ಕೂ ಕೇಳುವುದು ಇಲ್ಲಿನ ಮುಖ್ಯ ದೋಷ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೀಜಧನದ ಅವಧಿಯನ್ನು ಹಣಕಾಸು ವರ್ಷದಿಂದ ಬಿಡಿಸಿ, ಹಣ ಕೈಸೇರಿದ ದಿನದಿಂದ ಹನ್ನೆರಡು ತಿಂಗಳೆಂದು ಎಣಿಸಿದರೆ ಅರ್ಧ ತೊಡಕು ಹೋಗುತ್ತದೆ. ಬಾಬಿನಿಂದ ಬಾಬಿಗೆ ಹಣ ಸರಿಸಲು ವಿಭಾಗದ ಮುಖ್ಯಸ್ಥರ ಸಹಿ ಸಾಕೆಂದರೆ ಉಳಿದರ್ಧದಲ್ಲಿ ಬಹುಪಾಲು. ಆಯ್ಕೆಯಲ್ಲೂ ಒಂದು ತೊಂದರೆಯಿದೆ. ಸಣ್ಣ ಸಂಸ್ಥೆಯಲ್ಲಿ ಅರ್ಜಿ ಹಾಕುವವರು, ಪರಿಶೀಲಿಸುವವರು ಒಂದೇ ಸ್ಟಾಫ್ ರೂಮಿನವರು. ನಿರಾಕರಿಸಿದವರ ಎದುರೇ ನಾಳೆ ಚಹಾ ಕುಡಿಯಬೇಕು. ಅದಕ್ಕಾಗಿಯೇ ಹಲವೆಡೆ ಎಲ್ಲರಿಗೂ ಸಮನಾಗಿ ಹಂಚಿ ಮುಗಿಸುತ್ತಾರೆ. ಜಿಲ್ಲೆಯ ಹೊರಗಿನ ಇಬ್ಬರು ಪರಿಶೀಲಕರಿದ್ದರೆ ಈ ಮುಜುಗರ ತಪ್ಪುತ್ತದೆ. ಈ ಕೆಲಸಕ್ಕೆ ಗಡಿಯಾಚೆಯ ಬೆಳಗಾವಿ, ಧಾರವಾಡ ದೂರವೇನಲ್ಲ.

ಕರ್ನಾಟಕದ ಕಡೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (1998) ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗಾಗಿ ರಿಸರ್ಚ್ ಗ್ರಾಂಟ್ ಸ್ಕೀಮ್ ನಡೆಸಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೆ ಸೀಡ್ ಗ್ರಾಂಟ್ ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಸ ಅಧ್ಯಾಪಕರಿಗೆ ಪ್ರಯೋಗಾಲಯ ಕಟ್ಟಿಕೊಳ್ಳಲು ಆರಂಭಿಕ ಅನುದಾನ ಕೊಡುವುದು ರೂಢಿ. ರಾಜ್ಯ ಸರ್ಕಾರದ ವಿಜ್ಞಾನ–ತಂತ್ರಜ್ಞಾನ ವಿಷನ್ ಗ್ರೂಪ್ ಕಿರಿಯ ವಿಜ್ಞಾನಿಗಳಿಗೆ ಬೀಜಧನದ ಯೋಜನೆಯೊಂದನ್ನು ನಡೆಸಿತು. ಹೆಸರಿನಲ್ಲಿ ಬೀಜಧನವಿದ್ದರೂ ಅದು ಸರ್ಕಾರದ ಹಣ, ಒಳ ಅನುದಾನವಲ್ಲ.

ಫಲದ ಲೆಕ್ಕ

ಬೀಜಧನ ಕೊಟ್ಟ ಸಂಸ್ಥೆಗಳು, ಒಳಗಿನ ಒಂದು ರೂಪಾಯಿ ಹೊರಗಿನಿಂದ ಎಷ್ಟು ರೂಪಾಯಿ ತಂದಿತೆಂದು ವರದಿಯಲ್ಲಿ ಬರೆದುಕೊಳ್ಳುತ್ತವೆ. ಈ ಲೆಕ್ಕವನ್ನು ಹುಷಾರಾಗಿ ಓದಬೇಕು. ಸಮಿತಿ ಆರಿಸುವುದೇ ಚುರುಕಾದವರನ್ನು. ಅವರು ಬೀಜಧನವಿಲ್ಲದೆಯೂ ಹೊರಗಿನ ಯೋಜನೆ ತರುತ್ತಿದ್ದರೇನೋ. ನಿಜ ತಿಳಿಯಬೇಕಾದರೆ ಸ್ವಲ್ಪದರಲ್ಲಿ ಆಯ್ಕೆ ತಪ್ಪಿದವರು ಮೂರು ವರ್ಷದ ಬಳಿಕ ಏನು ಮಾಡಿದರೆಂದೂ ನೋಡಬೇಕು. ಆ ಕಡತವನ್ನು ಇಟ್ಟುಕೊಳ್ಳುವ ಸಂಸ್ಥೆಗಳು ವಿರಳ. ವಿಫಲವಾದ ಯೋಜನೆಯ ವರದಿಗೂ ಇದೇ ಗತಿ. ಯಾವ ಉಷ್ಣತೆಯಲ್ಲಿ ಪೊರೆ ಕೂರಲಿಲ್ಲ, ಯಾವ ಅಂಟು ಹಾಸಿನ ಎಳೆಯನ್ನು ಕಾಯಲಿಲ್ಲ ಎಂಬ ಮಾಹಿತಿ ಮುಂದಿನವರಿಗೆ ಬೇಕಾದದ್ದೇ; ಅದು ಗ್ರಂಥಾಲಯಕ್ಕೆ ಬರದೆ ಲೆಕ್ಕಪತ್ರ ಶಾಖೆಯಲ್ಲಿ ಉಳಿಯುತ್ತದೆ.

ಬೋಧಕೇತರರು

2019ರ ನಾವೀನ್ಯ ನೀತಿ ಅಧ್ಯಾಪಕರ ಜೊತೆಗೆ ಸಿಬ್ಬಂದಿಯ ನಾವೀನ್ಯವನ್ನೂ ಪ್ರಸ್ತಾಪಿಸಿದೆ. ವ್ಯವಹಾರದಲ್ಲಿ ಬೀಜಧನದ ಅರ್ಜಿ ಕೇಳುವುದು ಪಿಎಚ್.ಡಿ. ವಿವರ, ಪ್ರಕಟಣೆಗಳ ಪಟ್ಟಿ, ಖಾಯಂ ಬೋಧಕ ಹುದ್ದೆಯ ಆದೇಶ. ಪ್ರಯೋಗಾಲಯ ಸಹಾಯಕ, ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ಗ್ರಂಥಾಲಯದ ಗುಮಾಸ್ತ, ಪರೀಕ್ಷಾ ವಿಭಾಗದ ಹಿರಿಯ ಲಿಪಿಕ ಮೊದಲ ಪುಟದಲ್ಲೇ ಹೊರಗುಳಿಯುತ್ತಾರೆ. ಗುತ್ತಿಗೆಯ ಮೇಲಿರುವ, ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಅಧ್ಯಾಪಕರೂ ಅವರ ಸಾಲಿನಲ್ಲೇ. ಜವಳಿ ಸಂಸ್ಥೆಯೊಂದರಲ್ಲಿ ಮಗ್ಗದ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಹೇಳಬಲ್ಲವರು ನೇಯ್ಗೆ ಶಾಲೆಯ ಸಹಾಯಕರು. ಹಳೆಯ ಪಿಎಚ್ ಮೀಟರನ್ನು ವರ್ಷಾನುಗಟ್ಟಲೆ ನಡೆಸುವವರು ಅಟೆಂಡರು. ಉತ್ತರಪತ್ರಿಕೆಯ ಚೀಲಗಳು ಮೂರು ಜಿಲ್ಲೆಗಳಿಂದ ಬಂದು ಸೇರುವ ದಾರಿಯಲ್ಲಿ ಎಲ್ಲಿ ತಡವಾಗುತ್ತದೆಂದು ಲಿಪಿಕರಿಗೆ ಗೊತ್ತು. ಇಂಥವರಿಗೆ ಇಪ್ಪತ್ತೈದು ಸಾವಿರ ರೂಪಾಯಿ, ಒಂದು ಪುಟದ ಅರ್ಜಿ, ಕೆಲಸದ ವೇಳೆಯಲ್ಲಿ ವಾರಕ್ಕೆ ಅರ್ಧ ದಿನದ ಬಿಡುವು ಕೊಟ್ಟರೆ ಸಾಕು. ನಿಯಮ ತಿದ್ದುವ ಅಧಿಕಾರ ವಿಶ್ವವಿದ್ಯಾಲಯದ ವ್ಯವಸ್ಥಾಪನ ಪರಿಷತ್ತಿಗಿದೆ. ಮಹಾಗಾಂವದಂಥ ಊರಿನ ಖಾಸಗಿ ಕಾಲೇಜಿನಲ್ಲಿ ಆಡಳಿತ ಮಂಡಳಿಯ ಒಂದು ಠರಾವಿನಿಂದಲೇ ಆಗುತ್ತದೆ.